ಮಣ್ಣು ಕಲಸಿದ ಶನಿವಾರಗಳು

ಬೇರೆಯವರ ದುಃಖ ಕೇಳುವುದೇ ನನ್ನ ಉದ್ಯೋಗ ಎಂದರೆ ಜನ ನನ್ನನ್ನು ಬಹಳ ಮರುಕದ ಹೆಂಗಸು ಎಂದುಕೊಳ್ಳುತ್ತಾರೆ. ಖರೇ ಹೇಳಬೇಕೆಂದರೆ, ಇಪ್ಪತ್ತು ವರ್ಷ ಕೇಳಿದ ಮೇಲೆ ನನ್ನ ಮರುಕ ತಳ ಕಂಡಿತ್ತು. ರಾಯಾಪುರದ ಒಂದು ಚಿಕ್ಕ ಮಾನಸಿಕ ಚಿಕಿತ್ಸಾಲಯದಲ್ಲಿ ನಾನು ಆಪ್ತಸಲಹೆಗಾರ್ತಿ. ಮನೆಯಲ್ಲಿ ಗಂಡ ಮೊಣಕಾಲು ನೋವು ಎಂದರೂ, ಯಾವಾಗಿನಿಂದ ಹೀಗೆ ಅನಿಸುತ್ತಿದೆ ಎಂದು ಕೇಳಿಬಿಡುತ್ತಿದ್ದೆ. ಅವರು ಉತ್ತರ ಹೇಳುವಷ್ಟರಲ್ಲಿ ಅಡಿಗೆಮನೆ ಸೇರಿರುತ್ತಿದ್ದೆ. ಮನೆಗೆ ಹೊಸದಾಗಿ ಫೋನು ಬಂದ ಕಾಲ. ತಂಗಿ ಅದರಲ್ಲಿ ಅತ್ತಾಗ ಹೂಂಗುಡುತ್ತಲೇ ಒಂದು ಸಿವುಡು ಮೆಂತ್ಯ ಸೋಸಿ ಮುಗಿಸಿದ್ದೆ.

ಇಷ್ಟಾದರೂ ನಾಚಿಕೆ ಬಂದಿರಲಿಲ್ಲ. ಅದು ಬಂದದ್ದು ಒಬ್ಬ ತಾಯಿಯಿಂದ. ಮಗಳು ಮಾತು ಬಿಟ್ಟು ಎರಡು ತಿಂಗಳಾಯಿತು ಎಂದು ಹೇಳುತ್ತಿದ್ದ ಆಕೆ, ನನ್ನ ಕಣ್ಣು ಗೋಡೆಯ ಗಡಿಯಾರದ ಕಡೆ ಹೋದದ್ದನ್ನು ಕಂಡು, "ಲಗೂ ಹೇಳಿ ಮುಗಿಸ್ತೇನ್ರಿ ಬಾಯಾರ, ಸಿಟ್ಟಾಗಬ್ಯಾಡ್ರಿ," ಎಂದಳು. ಆ ದಿನವೇ ರಾಜೀನಾಮೆ ಬರೆದು ಮುಖ್ಯ ಡಾಕ್ಟರ ಮುಂದಿಟ್ಟೆ.

ಅವರು ಅದನ್ನು ಓದಿ ಡ್ರಾವರಿಗೆ ಹಾಕಿದರು. ನನಗೆ ಅನುಕಂಪದ ದಣಿವಂತೆ, ನರ್ಸ್ ಶಾಂತಕ್ಕನಿಗೂ ಅದೇ ಅಂತೆ, ಅದಕ್ಕೆ ಕಲೆಯೇ ಮದ್ದಂತೆ. ಪ್ರತಿ ಶನಿವಾರ ಮಧ್ಯಾಹ್ನ ನಾವೆಲ್ಲ ಮಣ್ಣಿನ ಕೆಲಸ ಕಲಿಯಬೇಕು, ಎಂಟು ವಾರದ ಮೇಲೆ ಬೇಕಾದರೆ ನಾನು ಕೆಲಸ ಬಿಟ್ಟುಹೋಗಬಹುದು ಎಂದರು. ಸಿಗುತ್ತಿದ್ದ ಅರ್ಧ ದಿನದ ರಜೆಯೂ ಹೋಯಿತಲ್ಲ ಎಂದು ಮೈ ಉರಿಯಿತು.

ಕಲಿಸಲು ಬಂದವರು ಒಬ್ಬ ನಿವೃತ್ತ ಚಿತ್ರಕಲಾ ಮಾಸ್ತರು. ಮನಸ್ಸಿನಲ್ಲಿ ಇದ್ದದ್ದನ್ನು ಮಾಡಿ ಎನ್ನುತ್ತಿದ್ದರು. ನನ್ನ ಮನಸ್ಸಿನಲ್ಲಿ ಮನೆಗೆ ಹೋಗುವ ಬಸ್ಸಿತ್ತು. ಅದನ್ನೇ ಮಾಡಿದೆ. ಅವರು ತಿರುಗಿಸಿ ತಿರುಗಿಸಿ ನೋಡಿ, ಎಮ್ಮೆ ಛಲೋ ಬಂದಿದೆ ಎಂದರು. ಶಾಂತಕ್ಕ ಮೂರು ವಾರ ಬರೀ ರೊಟ್ಟಿ ತಟ್ಟಿದಳು. ಮನೆಯಲ್ಲೂ ಇದೇ, ಇಲ್ಲೂ ಇದೇ ಎಂದು ಗೊಣಗುತ್ತಲೇ ತಟ್ಟಿದಳು.

ಐದನೆಯ ಶನಿವಾರ ಎಲ್ಲರೂ ಹೋದ ಮೇಲೆ ಕೈ ತೊಳೆಯಲು ಎದ್ದೆ. ಮಾಸ್ತರು ಉಳಿದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಲು ಹೋಗಿ ಎರಡು ಸಲ ಕೆಳಗೆ ಬೀಳಿಸಿದರು. ನಾನು ಎತ್ತಿಕೊಟ್ಟೆ.

"ಕೈ ನಡಗಾಕತ್ತಾವ್ರಿ," ಎಂದರು. "ಗೆರಿ ಎಳ್ಯಾಕ ಬರೂದಿಲ್ಲ ಈಗ. ಮಣ್ಣಾದ್ರ ಯಾರಿಗೂ ತಿಳ್ಯಾಂಗಿಲ್ಲ ಅಂತ ಈ ಕೆಲಸ ಒಪ್ಕೊಂಡೆ. ಮನ್ಯಾಗೂ ಹೇಳಿಲ್ರಿ."

ಇಂಥ ಹೊತ್ತಿಗೆಂದೇ ನನ್ನ ಬಳಿ ಸಿದ್ಧವಾದ ಮಾತುಗಳಿವೆ. ಅವನ್ನು ಬದಿಗಿಟ್ಟೆ. ಮತ್ತೆ ಕೂತೆ. ವರ್ಷಗಟ್ಟಲೆ ಮಕ್ಕಳ ಗೆರೆ ತಿದ್ದಿದ್ದನ್ನು, ಈಗ ಚಹಾದ ಬಟ್ಟಲಿಗೂ ಎರಡು ಕೈ ಬೇಕಾಗುವುದನ್ನು ಅವರು ಹೇಳುತ್ತ ಹೋದರು. ನಾನು ಒಂದು ಮುದ್ದೆ ಮಣ್ಣು ನಾದುತ್ತ ಕೇಳುತ್ತ ಹೋದೆ. ಅವರ ದನಿ ಒಡೆದಾಗ ನನ್ನ ಕಣ್ಣೂ ತುಂಬಿತು. ಹಾಗೆ ಕಣ್ಣು ತುಂಬಿ ಎಷ್ಟು ವರ್ಷವಾಗಿತ್ತೋ. ಸೋಮವಾರ ರಜೆ ಹಾಕಿ, ಅವರನ್ನು ಹುಬ್ಬಳ್ಳಿಯ ನರರೋಗದ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ. ಗುಳಿಗೆಯಿಂದ ನಡುಕ ತುಸು ಹತೋಟಿಗೆ ಬಂತು.

ಎಂಟು ವಾರ ಮುಗಿದಾಗ ನಾನು ಕೆಲಸ ಬಿಡುವ ಮಾತೆತ್ತಲಿಲ್ಲ. ಮುಖ್ಯ ಡಾಕ್ಟರು, ಮಣ್ಣು ಎಂಥ ಪವಾಡ ಮಾಡಿತು ನೋಡಿ ಎಂದು ಬೀಗಿ, ಶನಿವಾರದ ಮಣ್ಣಿನ ಪಾಠವನ್ನು ಇನ್ನಾರು ತಿಂಗಳು ಮುಂದುವರಿಸಿದರು; ಮಣ್ಣು ತರಿಸುವ ಹೊಣೆಯನ್ನು ನನ್ನ ತಲೆಗೇ ಕಟ್ಟಿದರು. ಸುಮ್ಮನೆ ಒಪ್ಪಿಕೊಂಡೆ. ಇಪ್ಪತ್ತು ವರ್ಷ ಸಂಬಳ ತೆಗೆದುಕೊಂಡು ಕೇಳಿದ್ದಕ್ಕಿಂತ ಆ ಒಂದು ಮಧ್ಯಾಹ್ನ ಪುಕ್ಕಟೆ ಕೇಳಿದ್ದೇ ಚೆನ್ನಾಗಿತ್ತು ಎಂದು ಬಾಯಿಬಿಟ್ಟರೆ, ನನ್ನ ಸಂಬಳದ ಗತಿ ಏನು?