ಬಹುಮಾನ ಬಂತು, ಓದುವವರು ಬರಲಿಲ್ಲ

ನಾನು ಸುಮ್ಮನಿದ್ದರೂ ಪೇಚಾಟಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಸೌದಿಯ ಖೋಬರಿನ ಭಾರತೀಯ ಶಾಲೆಯೊಂದರಲ್ಲಿ ನಾನು ಫ್ರೆಂಚ್ ಟೀಚರ್. ಮಂಗಳ ಗ್ರಹಕ್ಕೆ ಹೋಗಿ ನೆಲೆಸುವ ಕುಟುಂಬವೊಂದರ ಬಗ್ಗೆ ಫ್ರೆಂಚಿನಲ್ಲಿ ಕಥೆ ಬರೆದೆ. ಫ್ರೆಂಚ್ ವೈಜ್ಞಾನಿಕ ಕಥೆಗಳಿಗೆಂದೇ ಇರುವ ಸಾಹಿತ್ಯ ಬಹುಮಾನವೊಂದು ಅದಕ್ಕೆ ಬಂತು. ನನಗೆ ಬೇಕಾಗಿದ್ದು ಇಷ್ಟೇ, ನಮ್ಮವರಲ್ಲಿ ಒಬ್ಬರಾದರೂ ಅದನ್ನು ಓದಬೇಕು.

ಮನೆಯಲ್ಲಿ

ಗಂಡ ಉಡುಪಿಗೆ ಫೋನ್ ಮಾಡಿ, ನಾನು ಫ್ರೆಂಚ್ ಪರೀಕ್ಷೆ ಪಾಸಾದೆ ಎಂದು ಅವರಮ್ಮನಿಗೆ ಹೇಳಿದರು. ಇಷ್ಟು ವರ್ಷದಿಂದ ಆ ಭಾಷೆ ಕಲಿಸುತ್ತಿರುವವಳು ನಾನು! ಜಗಳಕ್ಕೇ ನಿಂತೆ.

"ಕಥೆ ಅಂದರೆ ಅಮ್ಮ ಯಾರ ಮನೆದ್ದು ಅಂತ ಕೇಳ್ತಾರೆ ಮಾರಾಯ್ತಿ" ಎಂದರು.

ಮರುದಿನ ಅತ್ತೆಯ ಫೋನ್. ಎಷ್ಟು ಮಾರ್ಕು ಬಂತೆಂದು ಕೇಳಿದರು.

ಶಾಲೆಯಲ್ಲಿ

ಪ್ರಿನ್ಸಿಪಾಲರು ಕಥೆ ಓದಲಿಲ್ಲ, ವಿಜ್ಞಾನ ಪ್ರದರ್ಶನಕ್ಕೆ ನನ್ನನ್ನು ತೀರ್ಪುಗಾರ್ತಿ ಮಾಡಿದರು. ಹತ್ತನೇ ಕ್ಲಾಸಿನಲ್ಲಿ ವಿಜ್ಞಾನದಲ್ಲಿ ನಾನು ಗೋತಾ ಹೊಡೆದದ್ದನ್ನು ಹೇಳಿದರೂ ನಂಬಲಿಲ್ಲ, ದೊಡ್ಡವರ ವಿನಯ ಎಂದು ಎಲ್ಲರೆದುರು ಹೊಗಳಿದರು. ಆರನೇ ಕ್ಲಾಸಿನವರ ಜ್ವಾಲಾಮುಖಿ ನಾನು ತೊಟ್ಟಿದ್ದ ಹೊಸ ಅಬಾಯದ ಮೇಲೆಯೇ ಉಕ್ಕಿತು. ಸಿಟ್ಟಿನಲ್ಲಿ ನಾನು ಸೊನ್ನೆ ಕೊಟ್ಟೆ. ಪ್ರಿನ್ಸಿಪಾಲರು ಅದಕ್ಕೇ ಮೊದಲ ಬಹುಮಾನ ಕೊಟ್ಟರು, ಇದ್ದ ಮಾದರಿಗಳಲ್ಲಿ ಕೆಲಸ ಮಾಡಿದ್ದು ಅದೊಂದೇ ಅಂತೆ.

ಸನ್ಮಾನ

ಪಕ್ಕದ ಥುಕ್ಬಾದಲ್ಲಿ ಕನ್ನಡ ಸಂಘದವರು ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೈಕ್ ಹಿಡಿದವರೆಲ್ಲ ತಾವು ಸಂಘ ಕಟ್ಟಿದ ಕಷ್ಟವನ್ನೇ ಹೇಳಿದರು. ನನ್ನ ಕಥೆಯ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ನನ್ನ ಸರದಿ ಬರುವಷ್ಟರಲ್ಲಿ ಬಿರಿಯಾನಿ ಬಂದು, ಸಭೆ ಎದ್ದು ಹೋಯಿತು. ನನಗೆ ಮೈಯೆಲ್ಲ ಉರಿಯಿತು. ಇವರಿಗೆ ಶಾಲು ಹೊದಿಸಲು ಒಂದು ಹೆಗಲು ಬೇಕಿತ್ತು, ಅಷ್ಟೇ.

ಊಟದ ಹೊತ್ತಿಗೆ ಸಂಘದ ಅಧ್ಯಕ್ಷರು ಹತ್ತಿರ ಬಂದರು. ಭಟ್ಕಳದವರು, ಬಟ್ಟೆ ಅಂಗಡಿಯ ಧಣಿ. ಕಥೆಯನ್ನು ಫ್ರೆಂಚ್ ಕಲಿಯುವ ಮಗಳಿಂದ ಕೊನೆಯವರೆಗೂ ಓದಿಸಿ, ಅರ್ಥ ಹೇಳಿಸಿಕೊಂಡು ಕೇಳಿದೆ ಎಂದರು. ನನಗೆ ಕಣ್ಣೀರೇ ಬಂತು.

"ಒಂದು ಡೌಟು ಉಂಟು ಟೀಚರ್. ಆ ಕುಟುಂಬ ಅಲ್ಲಿ ಮೂವತ್ತು ವರ್ಷ ಇತ್ತಲ್ಲ, ಅವರ ಇಕಾಮಾ ರಿನ್ಯೂ ಮಾಡಿಸಿದ್ದು ಯಾರು?"

ವಾಸದ ಪರವಾನಗಿಯ ಗೋಳೇ ಬೇಡವೆಂದು ಅವರನ್ನು ಮಂಗಳ ಗ್ರಹಕ್ಕೆ ಕಳಿಸಿದ್ದೇನೆ, ಫ್ರಾನ್ಸಿನ ತೀರ್ಪುಗಾರರು ಯಾರೂ ಇದನ್ನು ಕೇಳಲಿಲ್ಲ ಎಂದು ರೇಗಿದೆ.

ಅವರು ಬಹಳ ಮರುಕದಿಂದ ತಲೆಯಾಡಿಸಿದರು.

"ಗಾಳಿ ಇಲ್ಲದ ಕಡೆ ಬದುಕಿದರು ಅಂದ್ರಿ, ಅದನ್ನು ಬೇಕಾದರೆ ನಂಬುವ. ಇಕಾಮಾ ಇಲ್ಲದೆ ಹೇಗೆ ಟೀಚರ್?"