ಸಾಹೇಬರ ಗಾಳಿ

ಸಾಹೇಬರ ಕಾರಿನ ಹಿಂದಿನ ಚಕ್ರ ಒದೆ ತಿಂದ ನಾಯಿಯಂತೆ ನೆಲಕ್ಕೆ ಅಂಟಿಕೊಂಡಿತ್ತು. ಗುಮಾಸ್ತ ನೋಡಿಯೂ ನೋಡದಂತೆ ಒಳಗೆ ಬಂದಿದ್ದರೆ ಚೆನ್ನಾಗಿತ್ತು. ಆದರೆ ಹೊಸ ಹೆಡ್ ಕ್ಲರ್ಕ್ ಯಾರೆಂದು ಸಾಹೇಬರು ಅಂದೇ ಸಂಜೆ ಹೇಳುವವರಿದ್ದರು. ಆ ಕುರ್ಚಿ ತನ್ನದೇ ಎಂದು ಅವನಿಗೆ ಖಾತ್ರಿಯಿತ್ತು. ಜೊತೆಗೊಂದು ಉಪಕಾರವೂ ಇರಲಿ ಎಂದು ಬಾಗಿಲಲ್ಲಿದ್ದ ಅಟೆಂಡರನಿಗೆ ಹೇಳಿದ:

“ಸಾಹೇಬ್ರದ್ದು ಗಾಳಿ ಹೋಗಿದೆ ಕಣಪ್ಪ. ಡ್ರೈವರಿಗೆ ಹೇಳ್ಬಿಡು.”

ಅಟೆಂಡರ್ ಡ್ರೈವರನ್ನು ಬಿಟ್ಟು ಟೈಪಿಸ್ಟ್ ಅಕ್ಕನಿಗೆ ಹೇಳಿದ. ಸಾಹೇಬರ ಗಾಳಿ ಹೋಯಿತಂತೆ, ಕಾರು ವಾಪಸು ಕೊಡಬೇಕಲ್ಲ, ಅದಕ್ಕೇ ಡ್ರೈವರಿಗೆ ತಿಳಿಸಬೇಕಂತೆ ಎಂದು ತನ್ನ ಬುದ್ಧಿಯನ್ನೂ ಬೆರೆಸಿದ. ವರ್ಷಗಟ್ಟಲೆ ಸಾಹೇಬರಿಗೆ ಗಾಳಿ ಹಾಕಿಕೊಂಡಿದ್ದ ಕ್ಯಾಷಿಯರ್, ಅವರ ಕೋಣೆಗೆ ಹೊರಟಿದ್ದ ಕಾಫಿಯನ್ನು ತಡೆದು ತಾನೇ ಕುಡಿದ.

ಗುಮಾಸ್ತ ಓಡಿಬಂದ. “ಅಯ್ಯೋ, ಅದು ಟೈರ್ ಕಣ್ರೀ. ಬರೀ ಟೈರು.”

“ನಾನೂ ಅದೇ ಹೇಳ್ತಿರೋದು ಕಣೋ,” ಎಂದಳು ಟೈಪಿಸ್ಟ್ ಅಕ್ಕ. “ರಿಟೈರೇ. ಟ್ರಾನ್ಸ್‌ಫರ್ ಅಂತ ಹಬ್ಬಿಸಿದ್ದು ಈ ಕ್ಯಾಷಿಯರು.”

ತೋರಿಸುತ್ತೇನೆ ಬನ್ನಿ ಎಂದು ಗುಮಾಸ್ತ ಎಲ್ಲರನ್ನೂ ಕಿಟಕಿಗೆ ಎಳೆದೊಯ್ದ. ಅಷ್ಟರಲ್ಲಿ ಡ್ರೈವರ್ ತಾನಾಗಿಯೇ ಕಂಡು ಪಂಪು ಹೊಡೆದು ಮುಗಿಸಿದ್ದ. ಚಕ್ರ ಮಾವನ ಮನೆಯಲ್ಲಿ ಉಂಡೆದ್ದ ಅಳಿಯನ ಹೊಟ್ಟೆಯಂತೆ ಬಿಗಿದುಕೊಂಡಿತ್ತು. ಇಂಥ ಸುದ್ದಿ ತಂದವನೇ ಈಗ ಮುಚ್ಚಿಡುತ್ತಾನಲ್ಲ ಎಂದು ಕ್ಯಾಷಿಯರ್ ನೊಂದುಕೊಂಡು ಬೀಳ್ಕೊಡುಗೆಯ ಹೂಗುಚ್ಛಕ್ಕೆ ಆಳು ಕಳಿಸಿದ.

ಊಟದ ಹೊತ್ತಿಗೆ ಹೊರಬಂದ ಸಾಹೇಬರ ಕೈಗೆ ಹೂಗುಚ್ಛ ಬಂತು. ಅವರ ಮುಖ ಬಿಳುಚಿತು. ಯಾರು ಹೇಳಿದ್ದು ಎಂದು ಕೇಳಿದರು. ಎಲ್ಲರ ಬೆರಳೂ ಒಂದೇ ಕಡೆಗೆ ತಿರುಗಿತು.

ಗುಮಾಸ್ತನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಅವನು ಟೈರಿನ ಕತೆಯನ್ನು ಮೊದಲಿನಿಂದ ಒಪ್ಪಿಸಿದ.

“ಸ್ವಯಂ ನಿವೃತ್ತಿ ತಗೋತೀನಿ ಅಂತ ಹೆಡ್ಡಾಫೀಸಿಗೆ ನಿನ್ನೆ ಫೋನ್ ಮಾಡಿದ್ದೆ. ಹೆಂಡತಿಗೂ ಹೇಳಿಲ್ಲ,” ಎಂದರು ಸಾಹೇಬರು. “ಈ ಹಲಗೆ ಗೋಡೆಯಾಚೆ ಕೂತಿರೋನು ನೀನೊಬ್ಬನೇ. ಬಾಯಿ ಭದ್ರ ಇರೋನು ಅಂತ ಹೆಡ್ ಕ್ಲರ್ಕ್ ಮಾಡೋಣ ಅಂತಿದ್ದೆನಲ್ಲೋ.”

“ಸಾರ್, ಬೇಕಾದ್ರೆ ಡ್ರೈವರನ್ನೇ ಕೇಳಿ.”

ಡ್ರೈವರ್ ಬಂದ. ಬೈಗುಳ ಬೀಳುತ್ತದೆಂದು ಮೂಗಿಗೆ ವಾಸನೆ ಬಡಿದಿತ್ತು. ಎದೆ ಸೆಟೆಸಿ ನಿಂತ.

“ಗಾಳಿನಾ? ನನ್ನ ಕೈಯಲ್ಲಿರೋ ಗಾಡಿಗೆ ಗಾಳಿ ಹೋಗೋದುಂಟಾ ಸಾರ್?”

ಸಂಜೆ ಹೆಡ್ ಕ್ಲರ್ಕ್ ಕುರ್ಚಿಯಲ್ಲಿ ಕ್ಯಾಷಿಯರ್ ಕೂತಿದ್ದ. ಗುಮಾಸ್ತನನ್ನು ಹತ್ತಿರ ಕರೆದು ದನಿ ತಗ್ಗಿಸಿದ:

“ಇನ್ಮೇಲೆ ಇಂಥದ್ದೇನಾದ್ರೂ ಕಿವಿಗೆ ಬಿದ್ರೆ ಮೊದಲು ನಂಗೆ ಹೇಳ್ಬೇಕು, ಆಯ್ತಾ?”