ಗೋಡೆಯಾಚೆಯ ‘ಹ್ಞೂಂ’

ಭಗವಂತ ನಮ್ಮ ಮನೆಗೆ ಕಾಫಿ, ಮೆಣಸು ಕೊಡುವಾಗ ಒಂದೊಂದು ವರ್ಷ ಕೈ ಬಿಗಿಹಿಡಿಯುತ್ತಾನೆ. ವಿಚಿತ್ರಗಳನ್ನು ಕೊಡುವಾಗ ಮಾತ್ರ ಎರಡೂ ಕೈ ಬಿಚ್ಚುತ್ತಾನೆ. ನಾನು ಮಲಯಾಳ ಸೀಮೆಯ ಬೇಗೂರಿನ ಕಾಡಂಚಿನ ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೆರಡು ವರ್ಷವಾಯಿತು. ಅಷ್ಟನ್ನೂ ಬರೆಯಲು ಕೂತರೆ ಮುಗಿಯುವುದಿಲ್ಲ. ಈ ಸಂಕ್ರಾಂತಿಯಿಂದ ಯುಗಾದಿಯವರೆಗಿನದ್ದು ಮಾತ್ರ ಹೇಳುತ್ತೇನೆ.

೧. ದೀಪವಿಲ್ಲದ ಜೀಪು

ಸಂಕ್ರಾಂತಿಯ ಹಿಂದಿನ ಸಂಜೆ ಎಳ್ಳು, ಬೆಲ್ಲ ತೆಗೆದುಕೊಂಡು ನಾನೂ ನಮ್ಮ ಯಜಮಾನರೂ ನಡೆದು ಬರುತ್ತಿದ್ದೆವು. ಮಂಜು ಇಳಿಯುತ್ತಿತ್ತು. ಒಂದು ಹಕ್ಕಿಯ ದನಿಯೂ ಇಲ್ಲ. ತಿರುವಿನಲ್ಲಿ ದಾರಿಗಡ್ಡವಾಗಿ ಕಪ್ಪಗೆ ಏನೋ ನಿಂತಿತ್ತು.

ಇವರು ನಾಲ್ಕು ಹೆಜ್ಜೆ ಮುಂದೆ ಹೋಗಿ ಗದರಿದರು. “ಯಾರ್ರೀ ಅದು? ಜೀಪನ್ನ ದಾರಿ ಮಧ್ಯ ನಿಲ್ಸಿದೀರಲ್ಲ, ಒಂದು ದೀಪನಾದ್ರೂ ಬೇಡ್ವಾ?”

ಜೀಪು ನಿಧಾನವಾಗಿ ಕಿವಿ ಬೀಸಿತು.

ನಾನು ಇವರ ಅಂಗಿ ಹಿಡಿದೆಳೆದು, ಮನೆದೇವರನ್ನು ನೆನೆದು ‘ನಂಜುಂಡಪ್ಪಾ’ ಎಂದೆ. ಅಷ್ಟು ದೊಡ್ಡ ದೇಹ ಒಂದು ಕಡ್ಡಿಯೂ ಮುರಿಯದ ಹಾಗೆ ಕಾಡಿನೊಳಗೆ ಕರಗಿಹೋಯಿತು.

“ನೋಡಿದ್ಯಾ, ಗದರಿಸಿದ್ದಕ್ಕೆ ತೆಗೆದ,” ಎಂದರು ಇವರು. “ಶಬ್ದಾನೇ ಇಲ್ವಲ್ಲ. ಹೊಸ ಜೀಪು ಇರಬೇಕು.”

೨. ಪಂದ್ಯ

ಮನೆಗೆ ಬಂದವಳೇ, “ನಿಮ್ಮ ಕಣ್ಣಿಗೆ ಪೊರೆ ಬಂದಿದೆ. ಮಾನಂದವಾಡಿಗೆ ಹೋಗಿ ತೋರಿಸೋಣ,” ಎಂದೆ. ಇವತ್ತು ನಂಜುಂಡ ಕಾಪಾಡಿದ. ದಿನಾ ಅವನಿಗೇ ಈ ಕೆಲಸ ಹಚ್ಚುವುದು ನ್ಯಾಯವೇ?

“ಸುಮ್ಕಿರಮ್ಮಿ. ನನ್ನ ಕಣ್ಣಿಗೆ ಏನಾಗಿದೆ? ಬೇಕಾದ್ರೆ ನಿನಗಿಂತ ಜಾಸ್ತಿ ಪುಸ್ತಕ ಓದ್ತೀನಿ!”

ಆ ಮಾತನ್ನೇ ಹಿಡಿದುಕೊಂಡೆ. ನಮ್ಮೂರಿನ ವಾಯನಶಾಲೆಯಲ್ಲಿ, ಅಂದರೆ ಊರಿನ ಪುಸ್ತಕಾಲಯದಲ್ಲಿ, ಕನ್ನಡದ್ದೊಂದು ಬೀರು ಇದೆ. ಅದನ್ನು ತೆರೆಯುವವರು ನಾವಿಬ್ಬರೇ. ಯುಗಾದಿಯೊಳಗೆ ನಾನು ಹೆಚ್ಚು ಓದಿದರೆ ಇವರು ಕಣ್ಣಾಸ್ಪತ್ರೆಗೆ ಬರಬೇಕು. ಸಮಕ್ಕೆ ಸಮ ಬಂದರೂ ಗೆಲುವು ಇವರದು, ಆಮೇಲೆ ಕಣ್ಣಿನ ಸುದ್ದಿ ಎತ್ತಬಾರದು. ಓದಿದ್ದಕ್ಕೆ ಸಾಕ್ಷಿಯಾಗಿ ಕಥೆ ಹೇಳಬೇಕು.

ಪುಸ್ತಕ ಮೊದಲು ನನಗೆ, ಆಮೇಲೆ ಇವರಿಗೆ. ಮಧ್ಯಾಹ್ನ ಇವರು ಕಣದಲ್ಲಿ ಒಣ ಹಾಕಿದ ಕಾಫಿ ಕಾಯಲು ಹೋದರೆ, ನಾನು ದೇವರ ಮುಂದೆ ಕೂತು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ.

ಎರಡನೆಯ ವಾರ ಒಂದು ಮುಸ್ಸಂಜೆ ಕರೆಂಟು ಹೋಯಿತು. ದೀಪ ಹಚ್ಚಿಕೊಂಡು ಜಗಲಿಗೆ ಬಂದರೆ, ಆ ಕತ್ತಲಲ್ಲಿ ಇವರು ಅಲ್ಲಾಡದೆ ಕೂತು ಒಂದೊಂದೇ ಹಾಳೆ ತಿರುವುತ್ತಿದ್ದಾರೆ.

“ರೀ, ದೀಪ ಬೇಡ್ವಾ?”

“ಅಡ್ಡ ಬರಬೇಡಮ್ಮಿ,” ಎಂದರು ತಲೆ ಎತ್ತದೆ. “ಒಳ್ಳೆ ಜಾಗಕ್ಕೆ ಬಂದಿದೀನಿ.”

ಮರುದಿನ ಕಥೆಯನ್ನು ಅಕ್ಷರ ಬಿಡದೆ ಹೇಳಿದರು. ಬೇಜಾರಾಗಿ ನಾನು ಮೂರು ಪುಟ ಹಾರಿಸಿದ್ದೆ. ಆ ಮೂರು ಪುಟ ಮಾತ್ರ ಇವರಿಗೂ ಗೊತ್ತಿರಲಿಲ್ಲ.

೩. ಅತ್ತೆಯ ಲೋಟ

ದೇವರ ಮೂಲೆಯ ಹಲಗೆ ಗೋಡೆಯಾಚೆ ನಮ್ಮ ಅತ್ತೆಯ ಕೋಣೆ. ಅದರ ಹಿಂಬಾಗಿಲು ಕಣಕ್ಕೆ ತೆರೆಯುತ್ತದೆ. ಅತ್ತೆ ಹೋಗಿ ಎರಡು ವರ್ಷವಾಯಿತು, ಮಂಚ ಹಾಗೇ ಇದೆ. ಬದುಕಿದ್ದಾಗ, ನಾನು ಇಲ್ಲಿ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದರೆ ಅವರು ಅಲ್ಲಿ ತಮ್ಮಷ್ಟಕ್ಕೆ ‘ಹ್ಞೂಂ... ಹ್ಞೂಂ...’ ಅನ್ನುತ್ತಿದ್ದರು. ವಯಸ್ಸಾದವರ ಅಭ್ಯಾಸ ಅಂದುಕೊಂಡಿದ್ದೆ.

ನಾಲ್ಕನೆಯ ಪುಸ್ತಕ ಓದುವಾಗ ಮಂಚ ಕಿರ್ರೆಂದಿತು. ಆಮೇಲೆ ಮೆಲ್ಲಗೆ, ‘ಹ್ಞೂಂ.’

ಎದ್ದು ನೋಡುವ ಧೈರ್ಯ ಎಲ್ಲಿಂದ ಬರಬೇಕು? ಕೈಮುಗಿದೆ. ಕಥೆಯೆಂದರೆ ಪ್ರಾಣ ಬಿಡುತ್ತಿದ್ದ ಜೀವ. ಕೇಳಲು ಬಂದಿದ್ದರೆ ಬರಲಿ, ಬರಿಗಂಟಲಲ್ಲಿ ಕೂರಿಸಬಾರದು. ಮಾರನೆಯ ದಿನ ಓದುವ ಮೊದಲು ಮಂಚದ ಪಕ್ಕ ಒಂದು ಲೋಟ ಕಾಫಿಯಿಟ್ಟೆ. ಅತ್ತೆ ಸಕ್ಕರೆ ಮುಟ್ಟುತ್ತಿರಲಿಲ್ಲ, ಹಾಗಾಗಿ ಸಕ್ಕರೆ ಹಾಕಲಿಲ್ಲ. ಸಂಜೆ ನೋಡಿದರೆ ಒಂದೇ ಗುಟುಕು ಕಡಿಮೆಯಾಗಿತ್ತು.

ಇನ್ನೊಂದು ದಿನ ಎರಡು ಚಮಚ ಸಕ್ಕರೆ ಹಾಕಿಟ್ಟೆ. ಲೋಟ ಖಾಲಿ!

ಪರಲೋಕದ ವಿಚಾರ ನಮಗೆ ಎಷ್ಟು ಗೊತ್ತು? ಅಲ್ಲಿ ಹೋದ ಮೇಲೆ ಪಥ್ಯ ಇರುವುದಿಲ್ಲವೇನೋ.

೪. ಇಲ್ಲದ ಪುಟ

ಹತ್ತನೆಯ ಪುಸ್ತಕದ ಕೊನೆಯ ಪುಟಗಳನ್ನು ಗೆದ್ದಲು ತಿಂದಿತ್ತು. ಕಥೆಯ ಹೆಂಗಸು ಮಗು ಎತ್ತಿಕೊಂಡು ಹೊಳೆಯ ದಡದಲ್ಲಿ, ತಪ್ಪಿಹೋದ ಗಂಡನಿಗಾಗಿ ಕಾಯುತ್ತ ನಿಂತಿದ್ದಾಳೆ. ಮುಂದೆ ಹಾಳೆಯೇ ಇಲ್ಲ! ದೇವರ ಮುಂದೆ ಒಂದು ಸಂಸಾರವನ್ನು ಹಾಗೆ ನಡುನೀರಲ್ಲಿ ಬಿಟ್ಟು ಏಳಲು ಮನಸ್ಸಾಗಲಿಲ್ಲ. ಕಣ್ಣುಮುಚ್ಚಿ ಮನಸ್ಸಿನಲ್ಲೇ ಅಂತ್ಯ ಕಟ್ಟಿದೆ. ಗಂಡ ದೋಣಿಯಲ್ಲಿ ಬಂದ, ಮಗುವನ್ನು ಎತ್ತಿಕೊಂಡ, ಮೂವರೂ ನಂಜನಗೂಡಿಗೆ ಹೋದರು, ಅವನು ಮುಡಿ ಕೊಟ್ಟ. ಗೋಡೆಯಾಚೆ ಮೂಗೊರೆಸಿಕೊಂಡ ಸದ್ದಾಯಿತು. ಅತ್ತೆಗೆ ಮೊದಲಿಂದಲೂ ಮೆದು ಹೃದಯ.

ಪುಸ್ತಕ ಇವರ ಕೈಗೆ ಹೋಯಿತು. ಮೂರನೆಯ ದಿನ ಊಟಕ್ಕೆ ಕೂತು ಕಥೆ ಹೇಳಿದರು.

“ಕೊನೆಗೆ ಗಂಡ ದೋಣೀಲಿ ಬಂದ. ನಂಜನಗೂಡಿಗೆ ಹೋಗಿ ಮುಡಿ ಕೊಟ್ಟ.”

ನನ್ನ ಕೈಯ ಸೌಟು ಹಾಗೇ ನಿಂತಿತು. ಆ ಮಾತು ಯಾವ ಪುಸ್ತಕದಲ್ಲೂ ಇಲ್ಲ. ನನಗೂ ನಂಜುಂಡನಿಗೂ ಬಿಟ್ಟರೆ ಲೋಕದಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ.

“ರೀ... ಅದು ಎಲ್ಲಿದೆ?”

“ಕೊನೇ ಪುಟದಲ್ಲೇ ಇದೆಯಲ್ಲ,” ಎಂದು ಅನ್ನ ಕಲಸಿದರು. “ನೀನು ಗಮನ ಕೊಟ್ಟು ಓದಿಲ್ಲ ಬಿಡು.”

೫. ಹನ್ನೊಂದು

ಯುಗಾದಿಯ ಹಿಂದಿನ ದಿನಕ್ಕೆ ನನ್ನದು ಹನ್ನೊಂದು, ಇವರದು ಹನ್ನೊಂದು. ಪಂದ್ಯ ಸೋತೆ. ಸೋತದ್ದಕ್ಕಲ್ಲ, ಆ ತಿರುವಿನ ಜೀಪು ನೆನಪಾಗಿ ಅಳು ಬಂತು. ದೀಪದ ಮುಂದೆ ಕೂತು ಮನಸ್ಸಿನಲ್ಲೇ ಬೇಡಿಕೊಂಡೆ: “ನಂಜುಂಡಪ್ಪಾ, ಇವರಿಗೆ ಒಳ್ಳೆ ಬುದ್ಧಿ ಕೊಡು. ಕಣ್ಣು ತೋರಿಸಿಕೊಂಡರೆ ಒಂದು ವರ್ಷ ಕಾಫಿ ಬಿಡ್ತೀನಿ. ಇನ್ನೊಂದು ಸಲ ಆನೆಯೆದುರು ಹೋದರೆ ನಾನು ಯಾರ ಮುಖ ನೋಡಿಕೊಂಡು ಬದುಕಲಿ?”

ಗೋಡೆಯಾಚೆ ‘ಹ್ಞೂಂ’ ಬರಲಿಲ್ಲ.

ಹಬ್ಬದ ಮರುದಿನ ಇವರೇ ಚಪ್ಪಲಿ ಮೆಟ್ಟಿಕೊಂಡು ನಿಂತರು. “ನಡಿಯಮ್ಮಿ, ಮಾನಂದವಾಡಿಗೆ. ಒಂದ್ಸಲ ತೋರಿಸಿಬಿಟ್ರೆ ನಿನ್ನ ಮನಸ್ಸಿಗೆ ಸಮಾಧಾನ.” ಬಸ್ಸಿನುದ್ದಕ್ಕೂ ನಾನು ಕೈಮುಗಿದುಕೊಂಡೇ ಕೂತಿದ್ದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕಾಯುವಾಗ, ತೆರೆದ ಬಾಗಿಲಿನಿಂದ ಒಳಗಿನ ಗೋಡೆಯ ಅಕ್ಷರದ ಪಟ್ಟಿ ಕಾಣುತ್ತಿತ್ತು. ಹೊತ್ತು ಹೋಗಲೆಂದು ಮೇಲಿನಿಂದ ಕೆಳಗಿನವರೆಗೆ ಮನಸ್ಸಿನಲ್ಲೇ ಓದಿಕೊಂಡೆ. ಅದು ಮುಗಿದ ಮೇಲೆ ಎದುರು ಗೋಡೆಯ ಬೋರ್ಡನ್ನೂ ಓದಿದೆ.

ಇವರನ್ನು ಕರೆದರು. ಡಾಕ್ಟರಮ್ಮ ಒಂದು ಕಣ್ಣು ಮುಚ್ಚಿಸಿ, “ಓದಿ ಚೇಟ್ಟಾ,” ಎಂದರು, ಮಲಯಾಳದವರ ‘ಅಣ್ಣಾ’ ಅದು. ಇವರು ದೊಡ್ಡಕ್ಷರದಿಂದ ಹಿಡಿದು, ಇರುವೆ ಸಾಲಿನಂಥ ಕೊನೆಯ ಸಾಲಿನವರೆಗೆ ಒಂದೂ ತಪ್ಪದೆ ಹೇಳಿದರು. ಡಾಕ್ಟರಮ್ಮ ಹುಬ್ಬೇರಿಸಿದರು. ಹಾಗಾದರೆ ಕಣ್ಣು ಸರಿಯಾಗೇ ಇದೆಯೇ?

ಇವರು ಅಲ್ಲಿಗೆ ನಿಲ್ಲಿಸಲಿಲ್ಲ. ಅದೇ ಉಸಿರಿನಲ್ಲಿ ಮುಂದುವರಿಸಿದರು. “ಚಪ್ಪಲಿ ಹೊರಗೆ ಬಿಡಿ. ಮೊಬೈಲ್ ಬಂದ್ ಮಾಡಿ. ಗಲಾಟೆ ಮಾಡಬೇಡಿ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಚೇಟ್ಟಾ, ಆ ಬೋರ್ಡು ನಿಮ್ಮ ಬೆನ್ನ ಹಿಂದೆ ಇದೆ.”

ಬೆಂಚಿನ ಮೇಲಿದ್ದ ಹೆಂಗಸು ನನ್ನತ್ತ ಕೈ ತೋರಿಸಿದಳು. “ಈ ಚೇಚಿ ಈಗಷ್ಟೇ ಎಲ್ಲಾನೂ ಗಟ್ಟಿಯಾಗಿ ಓದಿದ್ರಲ್ಲ!”

ನಾನೇ? ಗಟ್ಟಿಯಾಗಿಯೇ?

“ಮೂವತ್ತೆರಡು ವರ್ಷದಿಂದ,” ಎಂದರು ಇವರು ತಲೆ ತಗ್ಗಿಸಿ. ಕಣದ ಬಿಸಿಲು ತಾಳದೆ ಅಮ್ಮನ ಕೋಣೆಯಲ್ಲಿ ಕೂತು ಹನ್ನೊಂದೂ ಪುಸ್ತಕ ಕೇಳಿಸಿಕೊಂಡಿದ್ದರಂತೆ. “ನೀನು ದಿನಾ ಕಾಫಿ ಬೇರೆ ಇಡ್ತಿದ್ದೆ. ಗೊತ್ತಿದ್ದೂ ಸುಮ್ನಿದೀಯ ಅಂದ್ಕೊಂಡಿದ್ದೆ.”

“ಹಾಗಾದ್ರೆ ಇಷ್ಟು ವರ್ಷ ನಿಮ್ಮ ಮೇಲೆ ದೇವರಿಗೆ ಹೇಳಿದ ದೂರು?”

“ದೇವರಿಗಿಂತ ಮೊದಲು ನನಗೇ ಮುಟ್ಟಿದೆ.”

ಪೊರೆ ತೆಗೆದರು. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಇವರು ಈಗ ಗೋಡೆಯ ಈಚೆ, ನನ್ನ ಪಕ್ಕದಲ್ಲೇ ಕೂರುತ್ತಾರೆ. ನಾನೂ ನಾಚಿಕೆ ಬಿಟ್ಟು ಗಟ್ಟಿಯಾಗಿಯೇ ಓದುತ್ತೇನೆ. ಮೊನ್ನೆ ಹೀಗೆ ಓದುವಾಗ, ಗೋಡೆಯಾಚೆ ಮಂಚ ಕಿರ್ರೆಂದಿತು.

‘ಹ್ಞೂಂ.’

ನಾನು ಇವರ ಮುಖ ನೋಡಿದೆ. ಇವರು ನನ್ನ ತೋಳು ಹಿಡಿದುಕೊಂಡರು. “ನಾನು ಇಲ್ಲೇ ಇದೀನಮ್ಮಿ.”

ಮರುದಿನ ಸಕ್ಕರೆ ಹಾಕದೆ ಒಂದು ಲೋಟ ಇಟ್ಟೆ. ಕಾಫಿ ಬಿಟ್ಟವಳು ನಾನು. ಸಕ್ಕರೆಯಿಲ್ಲದ್ದನ್ನು ಇವರು ಮುಟ್ಟುವವರಲ್ಲ. ಸಂಜೆ ಇಬ್ಬರೂ ಕೈ ಹಿಡಿದುಕೊಂಡು ಹೋಗಿ ನೋಡಿದೆವು. ಲೋಟದ ತಳ ಒಣಗಿತ್ತು.

ಇವರು ಹಸಿರು ಪಟ್ಟಿ ಮೇಲೆತ್ತಿ ಹೊಸ ಕಣ್ಣಿನಲ್ಲಿ ಅದನ್ನೇ ನೋಡಿ, ಪಿಸುಗುಟ್ಟಿದರು.

“ಹಂಗಾದ್ರೆ ಅಮ್ಮಂದೂ ಹನ್ನೊಂದು.”